ಆ ಕಡೆ ಫೋನ್ ಎತ್ತುವವರು ಯಾರು?

ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್, ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು ಮತ್ತು ಬೆನ್ನುಹುರಿಯ ನರಗಳ ಮೇಲಿನ ಮಯಲಿನ್ ಹೊದಿಕೆಯನ್ನು ಕೆಡಿಸುವ ಕಾಯಿಲೆ. ಹೆಚ್ಚಾಗಿ ಇಪ್ಪತ್ತರಿಂದ ನಲವತ್ತರ ಪ್ರಾಯದಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಬರುತ್ತದೆ, ತಗ್ಗುತ್ತದೆ, ಮತ್ತೆ ಬರುತ್ತದೆ. ಹಾವೇರಿ ಜಿಲ್ಲೆಯ ಹಿರೇಕೆರೂರಿನ ಹೆಣ್ಣುಮಗಳೊಬ್ಬಳಿಗೆ ಒಂದು ಕಣ್ಣು ನೋಯುತ್ತ ಮಂಜಾಯಿತು, ಕೆಂಪು ಬಣ್ಣ ಮಾಸಿದಂತೆ ಕಂಡಿತು ಎನ್ನಿ. ಮನೆಯವರು ರೊಕ್ಕ ಹೊಂದಿಸಿ ದೊಡ್ಡ ಆಸ್ಪತ್ರೆಗೆ ಹೊರಡುವ ಹೊತ್ತಿಗೆ ದೃಷ್ಟಿ ತಿಳಿಯಾಗಿರುತ್ತದೆ. ಆರಾಮಾತು ಎಂದು ಸುಮ್ಮನಾಗುತ್ತಾರೆ. ಎರಡು ವರ್ಷದ ಮೇಲೆ ಕಾಲು ಜೋಮು ಹಿಡಿದು ಎಳೆಯತೊಡಗಿದಾಗ ಆ ಹಳೆಯ ಕಣ್ಣುನೋವನ್ನು ಯಾರೂ ಎತ್ತುವುದಿಲ್ಲ. ನರರೋಗ ತಜ್ಞರು ಹುಡುಕುವುದಾದರೂ ಅದನ್ನೇ: ಬೇರೆ ಬೇರೆ ಕಾಲದಲ್ಲಿ, ನರಮಂಡಲದ ಬೇರೆ ಬೇರೆ ಜಾಗದಲ್ಲಿ ಆದ ಹಾನಿಯನ್ನು.

ಇಲ್ಲಿ ಸಾಮಾನ್ಯ ಮೊಬೈಲು ದೊಡ್ಡ ಉಪಕಾರ ಮಾಡಬಲ್ಲದು. ಹೊರದೇಶಗಳಲ್ಲಿ ಈ ದಿಕ್ಕಿನ ಕೆಲಸ ಸಾಕಷ್ಟು ನಡೆದಿದೆ. ರೋಶ್ ಕಂಪನಿಯ ಫ್ಲಡ್‌ಲೈಟ್ ಆ್ಯಪ್ ಎರಡು ನಿಮಿಷ ನಡೆಸುತ್ತದೆ, ತಿರುಗಿಸುತ್ತದೆ, ಪರದೆಯ ಮೇಲೆ ಬೆರಳಿನಿಂದ ಆಕಾರ ಬರೆಸುತ್ತದೆ. ಯುರೋಪಿನಲ್ಲಿ 2016ರಲ್ಲಿ ಶುರುವಾದ ರಾಡಾರ್-ಸಿಎನ್‌ಎಸ್ ಯೋಜನೆ ಫೋನು ಮತ್ತು ಕೈಪಟ್ಟಿಗಳ ಮೂಲಕ ಎಂಎಸ್ ಇರುವವರ ದಿನಚರಿಯನ್ನು ಗಮನಿಸಿತು. ಇದನ್ನೆಲ್ಲ ನಮ್ಮ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿಗೆ ಹಾಗೆಯೇ ತಂದಿಳಿಸಿದರೆ ಎಡವುವುದು ಖಚಿತ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಮಹಿಳೆಯರು ಶೇ 35, ಪುರುಷರು ಶೇ 62. ಮನೆಗೊಂದೇ ಸ್ಮಾರ್ಟ್‌ಫೋನು ಇದ್ದಲ್ಲಿ ಅದು ಗಂಡನ ಜೇಬಿನಲ್ಲೋ ಮಗನ ಕೈಯಲ್ಲೋ ಇರುತ್ತದೆ. ಅದು ಎಣಿಸುವುದು ಆತ ಹೊಲಕ್ಕೆ ಹೋಗಿಬಂದ ಹೆಜ್ಜೆಗಳನ್ನು. ಕಾಯಿಲೆಯವಳು ಎಷ್ಟು ನಡೆದಳು ಎಂಬುದು ಎಲ್ಲೂ ದಾಖಲಾಗುವುದಿಲ್ಲ.

ಹಾಗಾಗಿ ಹೆಜ್ಜೆ ಎಣಿಕೆಯನ್ನು ಬದಿಗಿಡೋಣ. ತಿಂಗಳಿಗೊಮ್ಮೆ ಅಂಗಳದಲ್ಲಿ ನಡೆದಾಡುವ ಅರ್ಧ ನಿಮಿಷದ ವಿಡಿಯೊ, ಹೊಸ ತೊಂದರೆ ಕಂಡ ದಿನವೇ ಕಳಿಸಿದ ಕನ್ನಡದ ಧ್ವನಿ ಸಂದೇಶ, ಇಷ್ಟು ಯಾರ ಫೋನಿನಿಂದಲೂ ಆಗುತ್ತದೆ. ಇವುಗಳ ಮೇಲೆ ತಾರೀಖು ತಾನಾಗಿಯೇ ಬೀಳುತ್ತದೆ ಎಂಬುದೇ ಇವುಗಳ ಬೆಲೆ.

ಆದರೆ ಈ ಸಂದೇಶವನ್ನು ಕೇಳಿಸಿಕೊಳ್ಳುವವರು ಬೇಕು, ಅವರು ಮನುಷ್ಯರೇ ಆಗಿರಬೇಕು. ಕಾರಣವಿದೆ. ಹೊಸ ಲಕ್ಷಣ ಕನಿಷ್ಠ 24 ಗಂಟೆ ಉಳಿದರೆ, ಅದಕ್ಕೆ ಜ್ವರವಾಗಲಿ ಸೋಂಕಾಗಲಿ ಕಾರಣವಲ್ಲದಿದ್ದರೆ ಮಾತ್ರ ವೈದ್ಯರು ಅದನ್ನು ಕಾಯಿಲೆಯ ಮರುದಾಳಿ ಎನ್ನುತ್ತಾರೆ. ಮೈ ಬಿಸಿಯೇರಿದರೆ ಹಳೆಯ ಲಕ್ಷಣಗಳೇ ತಾತ್ಕಾಲಿಕವಾಗಿ ಮರಳುತ್ತವೆ. ಜರ್ಮನಿಯ ವೈದ್ಯ ಉಟ್‌ಹಾಫ್ 1890ರಲ್ಲೇ ಇದನ್ನು ಗುರುತಿಸಿದ್ದರು. ಸವಣೂರಿನ ಏಪ್ರಿಲ್ ಬಿಸಿಲಲ್ಲಿ ಕಾಲು ಸೋತರೆ ನೆರಳು, ತಣ್ಣೀರು, ವಿಶ್ರಾಂತಿಯಲ್ಲೇ ಚೇತರಿಸಿಕೊಳ್ಳಬಹುದು. ಉರಿಮೂತ್ರದಿಂದ ಸೋತರೆ ಸೋಂಕಿಗೆ ಔಷಧಿ ಬೇಕು. ನಿಜವಾದ ಮರುದಾಳಿಯಾದರೆ ಸ್ಟೆರಾಯ್ಡ್ ಚುಚ್ಚುಮದ್ದು, ಸೋಂಕಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ. ಮೂರರಲ್ಲಿ ಯಾವುದು ಎಂದು ತಿಳಿಯಲು ಒಬ್ಬರು ಕರೆ ಮಾಡಿ ಕೇಳಬೇಕು: ಜ್ವರ ಐತೇನವ್ವಾ, ಉರಿಮೂತ್ರ ಐತೇನು, ನಿನ್ನೆಯಿಂದ ಹಿಂಗೇ ಐತೇನು?

ಇದು ಜಿಲ್ಲೆಗೆ ಹೊರೆಯಲ್ಲ. ಮಂಗಳೂರು ನಗರದಲ್ಲಿ ನಡೆದ ಅಧ್ಯಯನವೊಂದು ಲಕ್ಷಕ್ಕೆ ಸುಮಾರು ಎಂಟು ಮಂದಿಯಲ್ಲಿ ಎಂಎಸ್ ಕಂಡಿತ್ತು. ನಗರದ ಲೆಕ್ಕ ಹಳ್ಳಿಗಳಿಗೆ ಸರಿಯಾಗಿ ಹೊಂದದು, ನಿಜ. ಆದರೂ 2011ರ ಜನಗಣತಿಯಂತೆ ಸುಮಾರು 16 ಲಕ್ಷ ಜನರಿರುವ ಹಾವೇರಿ ಜಿಲ್ಲೆಗೆ ಅದನ್ನೇ ಹಿಡಿದರೆ ನೂರಿಪ್ಪತ್ತು, ನೂರಮೂವತ್ತು ಜನ. ತರಬೇತಿ ಪಡೆದ ಒಬ್ಬ ನರ್ಸ್, ಒಂದು ಫೋನು, ಒಂದು ರಿಜಿಸ್ಟರ್ ಸಾಕು. ಹಾವೇರಿಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದನ್ನು ವಹಿಸಿಕೊಳ್ಳಬೇಕು. ಸಂದೇಹ ಬಂದವರನ್ನು ಸರ್ಕಾರಿ ದೂರವೈದ್ಯ ಸೇವೆಯಾದ ಇ-ಸಂಜೀವಿನಿಯ ಮೂಲಕ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಅಥವಾ ಬೆಂಗಳೂರಿನ ನಿಮ್ಹಾನ್ಸ್ ತಜ್ಞರಿಗೆ ತೋರಿಸುವ ಏರ್ಪಾಡು ಆಗಬೇಕು. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚು ತಪ್ಪಿದೆ. ಆದರೂ ಹಾನಗಲ್ಲಿನಿಂದ ಹುಬ್ಬಳ್ಳಿಗೆ ಹೋಗಲು ಸೋತ ಕಾಲಲ್ಲಿ ಬಸ್ಸಿನ ಮೆಟ್ಟಿಲು ಹತ್ತಬೇಕು, ಜೊತೆಗೆ ಬರುವವರು ಒಂದು ದಿನದ ಕೂಲಿ ಬಿಡಬೇಕು. ಪ್ರತಿ ಸಣ್ಣ ಅನುಮಾನಕ್ಕೂ ಈ ಪ್ರಯಾಣ ಮಾಡಿಸುವುದು ಕ್ರೌರ್ಯ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಈ ವಿಡಿಯೊ, ಈ ಧ್ವನಿ ರೋಗಿಯ ಸ್ವತ್ತು. ಮದುವೆ, ನೌಕರಿ, ವಿಮೆ ಯಾವುದಕ್ಕೂ ಅವು ಸೋರಿಹೋಗಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯನ್ನು ಕೇಳುತ್ತದೆ. ಆ ಒಪ್ಪಿಗೆಯನ್ನು ಫೋನಿನ ಒಡೆಯನಿಂದಲ್ಲ, ಕಾಯಿಲೆ ಇರುವವಳಿಂದಲೇ ಪಡೆಯಬೇಕು. ಆಕೆಗೆ ಇನ್ನೊಂದು ಹಕ್ಕೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಎಂಎಸ್ ಹೆಸರು ಹಿಡಿದು ಸೇರಿದೆ. ಕರೆ ಮಾಡುವ ನರ್ಸ್ ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ವಿಷಯವನ್ನೂ ತಿಳಿಸಲಿ.

ಮೇ 30 ವಿಶ್ವ ಎಂಎಸ್ ದಿನ. ಜಿಲ್ಲಾಡಳಿತ ಅಷ್ಟರೊಳಗೆ ಆ ನರ್ಸ್‌ನ ಫೋನ್ ನಂಬರನ್ನು ಚಾಲೂ ಮಾಡಿ, ಎಲ್ಲ ತಾಲ್ಲೂಕು ಆಸ್ಪತ್ರೆಗಳ ಗೋಡೆಯ ಮೇಲೆ ಬರೆಸಲಿ, ಆಶಾ ಕಾರ್ಯಕರ್ತೆಯರ ಕೈಗೂ ಕೊಡಲಿ.