ಪೆಡಲು ತೊಟ್ಟ ವೆಸ್ಪಾ, ಗಾಡಿಯಿಲ್ಲದ ಲೈಸೆನ್ಸು

ಸ್ಕೂಟರಿಗೆ ಪೆಡಲು! 1970ರ ಆಸುಪಾಸಿನಲ್ಲಿ ಫ್ರಾನ್ಸಿಗೆಂದೇ ಇಟಲಿಯ ಪಿಯಾಜಿಯೊ ಕಂಪನಿ ಇಂಥದೊಂದು ವೆಸ್ಪಾ ತಯಾರಿಸಿತ್ತು. ಮೊಪೆಡ್ ಅನ್ನಿಸಿಕೊಳ್ಳಲು ಪೆಡಲು ಇರಲೇಬೇಕು ಎನ್ನುತ್ತಿತ್ತು ಅಲ್ಲಿನ ಕಾನೂನು. ಸರಿ, ಉಕ್ಕಿನ ತಗಡಿನ ದುಂಡು ಮೈಗೆ ಎರಡು ಪೆಡಲು ಸಿಕ್ಕಿಸಿದರು. ಅದನ್ನು ತುಳಿದುಕೊಂಡು ಊರು ಸುತ್ತಿದವರು ಯಾರೂ ಇರಲಿಕ್ಕಿಲ್ಲ.

ಆ ಗಾಡಿಯ ಮೂಲವೇ ಕಾನೂನಿನ ಅಳತೆಗೆ ಹೊಲಿದ ಅಂಗಿ. ಇಟಲಿಯಲ್ಲಿ 50 ಸಿಸಿ ಒಳಗಿನ ಗಾಡಿಯನ್ನು 14 ವರ್ಷದವರೂ ಓಡಿಸಬಹುದಿತ್ತು, ನಂಬರ್ ಪ್ಲೇಟಿನ ಗೊಡವೆಯಿಲ್ಲ. ವೆಸ್ಪಾದ ಜನಕ, ವಿಮಾನ ಎಂಜಿನಿಯರ್ ಕೊರಾಡಿನೊ ದಾಸ್ಕಾನಿಯೊ 1963ರಲ್ಲಿ ಅದಕ್ಕೆ ತಕ್ಕ ಪುಟ್ಟ ವೆಸ್ಪಾ ಕೊಟ್ಟರು. ಎಂಜಿನ್ 50 ಸಿಸಿಗಿಂತ ಕೂದಲೆಳೆಯಷ್ಟು ಕಡಿಮೆ!

ಸರ್ಕಾರ ಚಾಪೆ ಕೆಳಗೆ ತೂರಿದರೆ ಕಂಪನಿ ರಂಗೋಲಿ ಕೆಳಗೆ. ಬ್ರಿಟನ್ ಕೂಡ 1971ರ ಕೊನೆಗೆ ಹದಿನಾರರ ಹುಡುಗರಿಗೆ ಪೆಡಲಿನ ಮೊಪೆಡ್ ಮಾತ್ರ ಎಂದಿತು. ಯಮಾಹಾ ತಂದ ಎಫ್‌ಎಸ್‌1-ಇಗೆ ಪೆಡಲೂ ಇತ್ತು, ಗಂಟೆಗೆ ಸುಮಾರು 70 ಕಿ.ಮೀ. ಓಟವೂ ಇತ್ತು. 1977ರಲ್ಲಿ ಬ್ರಿಟನ್ ಪೆಡಲಿನ ಷರತ್ತು ಬಿಟ್ಟು, ವೇಗಕ್ಕೇ 30 ಮೈಲಿಯ ಮಿತಿ ಹಾಕಿತು. ಬುದ್ಧಿ ಬಂದದ್ದು ಆಗ.

ನಮಗಿನ್ನೂ ಬಂದಿಲ್ಲ. 1972ರಲ್ಲಿ ಪುಣೆಯ ಕೈನೆಟಿಕ್ ತಂದ ಲೂನಾ ಅದೇ ಪಿಯಾಜಿಯೊದ 'ಚಾವ್' ಮೊಪೆಡ್‌ನ ಕೂಸು. 1980ರಲ್ಲಿ ಬೆಂಗಳೂರಿನ ಮಗ್ಗುಲಿನ ಹೊಸೂರಿನಿಂದ ಟಿವಿಎಸ್ 50 ಬಂತು. ಆ ಕಾಲದ ಪಳೆಯುಳಿಕೆಯಂತೆ ಮೋಟಾರು ವಾಹನ ಕಾಯ್ದೆಯ 4ನೇ ಸೆಕ್ಷನ್ ಇಂದಿಗೂ 16 ತುಂಬಿದವರಿಗೆ 50 ಸಿಸಿ ಮೀರದ ಗಾಡಿ ಓಡಿಸಲು ಬಿಡುತ್ತದೆ. ಆದರೆ ಶೋರೂಮಿನಲ್ಲಿ ಅಂಥ ಗಾಡಿ ಎಲ್ಲಿದೆ? ಸಂತೆ ಮೂಟೆ ಹೊರುವ ಎಕ್ಸ್‌ಎಲ್ ಕೂಡ ಈಗ 100 ಸಿಸಿ.

ಹಾಗಾಗಿ ಪಿಯುಸಿ ಹುಡುಗ ಅಪ್ಪನ 110 ಸಿಸಿ ಸ್ಕೂಟರನ್ನೇ ಹತ್ತುತ್ತಾನೆ. ಸಿಕ್ಕಿಬಿದ್ದರೆ 2019ರ ತಿದ್ದುಪಡಿಯಂತೆ ಪಾಲಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಇತ್ತ 250 ವ್ಯಾಟ್, 25 ಕಿ.ಮೀ. ಮಿತಿಯ ಎಲೆಕ್ಟ್ರಿಕ್ ಸ್ಕೂಟರಿಗೆ ಲೈಸೆನ್ಸೇ ಬೇಡ. ಒಂದು ಕಡೆ ಬಾಗಿಲಿಲ್ಲದ ಗೋಡೆ, ಇನ್ನೊಂದು ಕಡೆ ಗೋಡೆಯೇ ಇಲ್ಲದ ಬಯಲು.

ಸಿಸಿ ಲೆಕ್ಕ ಕೈಬಿಟ್ಟು ವೇಗ, ತೂಕ ನೋಡಿ ಮಿತಿ ಹಾಕಬೇಕು. ಆ ಮಿತಿಯೊಳಗಿನ ಗಾಡಿಗೆ ಹದಿನಾರರವರಿಗೂ ಪರೀಕ್ಷೆ, ಲೈಸೆನ್ಸು, ಹೆಲ್ಮೆಟ್ ಕಡ್ಡಾಯವಾಗಲಿ. ತಿದ್ದಬೇಕಾದದ್ದು ಕಾಯ್ದೆಯ ಒಂದೇ ಒಂದು ಸಾಲು. ಸಂಸತ್ತು ಅದನ್ನು ಈಗಲಾದರೂ ಕೈಗೆತ್ತಿಕೊಳ್ಳಲಿ.