ಸದ್ದಿಗೆ ಮೊದಲು ತಂತಿ

ಕಳೆದ ವರ್ಷ ಕಾರ್ ಆಂಪ್ಲಿಫೈಯರ್ ಒಂದರ ಕೈಪಿಡಿಯನ್ನು ಕನ್ನಡಕ್ಕೆ ಅನುವಾದಿಸಿ ಕೊಟ್ಟೆ. ಅಚ್ಚಾಗಿ ಬಂದಾಗ ನೋಡಿದರೆ ಬ್ಲೂಟೂತ್, ಬಾಸ್ ಎಲ್ಲ ಇದ್ದವು. ವೈರಿಂಗ್ ಮತ್ತು ಫ್ಯೂಸಿನ ಪುಟಗಳೇ ಇರಲಿಲ್ಲ. ಕೇಳಿದ್ದಕ್ಕೆ, "ಅದನ್ನು ಅಂಗಡಿಯವರು ನೋಡಿಕೊಳ್ಳುತ್ತಾರೆ, ಗಿರಾಕಿ ಓದುವುದಿಲ್ಲ" ಎಂದರು. ನನಗೆ ದುಡ್ಡು ಬಂದಿತ್ತು, ಸುಮ್ಮನಾದೆ.

ಆರು ತಿಂಗಳ ಮೇಲೆ ನನ್ನ ಚಿಕ್ಕಮ್ಮನ ಮಗ ಪುಣೆಯಿಂದ ಹುಬ್ಬಳ್ಳಿಗೆ ಹೊರಟವನು ಖಂಬಾಟಕಿ ಘಾಟಿನಿಂದ ಫೋನ್ ಮಾಡಿದ. "ಅಕ್ಕಾ, ಗಾಡಿಯಾಗ ಹೊಗಿ ಬರಾಕತ್ತೈತಿ." ಹಿಂದಿದ್ದ ಲಾರಿಯವರು ಓಡಿ ಬಂದು ಬ್ಯಾಟರಿಯ ಟರ್ಮಿನಲ್ ಬಿಚ್ಚಿದ್ದರಿಂದ ಕಾರು ಉಳಿಯಿತು.

ವಾರದ ಹಿಂದಷ್ಟೇ ಅವನು ಆಂಪ್ಲಿಫೈಯರ್ ಹಾಕಿಸಿದ್ದ. ಬ್ಯಾಟರಿಯಿಂದ ಡಿಕ್ಕಿಗೆ ಎಳೆದ ತಂತಿ, ರಬ್ಬರ್ ಬುಷ್ ಇಲ್ಲದ ತಗಡಿನ ತೂತಿಗೆ ಉಜ್ಜಿ ಸಿಪ್ಪೆ ಹರಿದಿತ್ತು. ಫ್ಯೂಸ್ ಇತ್ತು, ಆದರೆ ಡಿಕ್ಕಿಯಲ್ಲಿ. ಶಾರ್ಟ್ ಆದದ್ದು ಬ್ಯಾಟರಿಗೂ ಫ್ಯೂಸಿಗೂ ನಡುವೆ, ಹಾಗಾಗಿ ಅದು ಇದ್ದೂ ಇಲ್ಲದ ಹಾಗೆ. ಈ ಫ್ಯೂಸ್ ಕಾಯಬೇಕಾದದ್ದು ತಂತಿಯನ್ನು. ಅದರ ಜಾಗ ಬ್ಯಾಟರಿಯ ಪ್ಲಸ್‌ನಿಂದ ಒಂದೂವರೆ ಅಡಿಯೊಳಗೆ.

ಆಂಪ್ಲಿಫೈಯರಿಗೆ ದುಡ್ಡು ಕೊಡುವ ಮೊದಲು ಕರೆಂಟಿನ ಲೆಕ್ಕ ಹಾಕಬೇಕು, ಮತ್ತು ಆ ಲೆಕ್ಕ ಗಿರಾಕಿಗೂ ಗೊತ್ತಿರಬೇಕು ಎಂಬುದು ನನ್ನ ವಾದ. ಲೆಕ್ಕ ಕಷ್ಟದ್ದಲ್ಲ. ಡಬ್ಬದ ಮೇಲಿನ ದಪ್ಪಕ್ಷರದ ವ್ಯಾಟ್ ಬಿಟ್ಟು ಆರ್‌ಎಂಎಸ್ ಅಂಕಿ ನೋಡಿ. ಅದು 1000 ಆದರೆ, ಶೇ. 80ರಷ್ಟು ದಕ್ಷತೆ ಇದ್ದರೂ 1250 ವ್ಯಾಟ್ ಎಳೆಯುತ್ತದೆ. ಎಂಜಿನ್ ಓಡುವಾಗ ಸಿಗುವ ಸುಮಾರು 13.8 ವೋಲ್ಟಿಗೆ ಭಾಗಿಸಿದರೆ 90 ಆಂಪಿಯರ್. ಸಣ್ಣ ಕಾರಿನ ಆಲ್ಟರ್ನೇಟರ್ ಒಟ್ಟು ಕೊಡುವುದೇ ಹೆಚ್ಚುಕಡಿಮೆ ಅಷ್ಟು, ಅದರಲ್ಲಿ ಹೆಡ್‌ಲೈಟು, ಎಸಿಗಳ ಪಾಲೂ ಇದೆ. ಹಾಡು ಸದಾ ಪೂರ್ತಿ ಎಳೆಯುವುದಿಲ್ಲ, ನಿಜ. ಆದರೂ ಬಾಸ್ ಹೊಡೆದಾಗೆಲ್ಲ ಹೆಡ್‌ಲೈಟ್ ಮಂಕಾದರೆ ಆ ಕಾರು ಕೈಚೆಲ್ಲಿದೆ ಎಂದೇ ಅರ್ಥ.

ಆಗ ಕೆಪಾಸಿಟರ್ ಹಾಕಿಸಿ ಎನ್ನುತ್ತಾರೆ. ಒಂದು ಫ್ಯಾರಡ್ ಕೆಪಾಸಿಟರ್ 14 ವೋಲ್ಟಿನಿಂದ 12ಕ್ಕೆ ಇಳಿಯುವಾಗ ಕೊಡುವುದು 26 ಜೂಲ್, 1000 ವ್ಯಾಟಿಗೆ ಅದು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬಾರದು. ಆ ದುಡ್ಡಿಗೆ ಅಪ್ಪಟ ತಾಮ್ರದ ದಪ್ಪ ತಂತಿ ಕೊಳ್ಳಿ. ಅಗ್ಗದ ಕಿಟ್‌ಗಳಲ್ಲಿ ಹೆಚ್ಚಾಗಿ ಬರುವುದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಅದೇ ದಪ್ಪದಲ್ಲಿ ಕಡಿಮೆ ಕರೆಂಟ್ ಹೊರುತ್ತದೆ.

ಇನ್ನು ಅರ್ಥಿಂಗ್. ಪುಣೆಯ ಗ್ಯಾರೇಜಲ್ಲೂ ಹುಬ್ಬಳ್ಳಿಯ ಗ್ಯಾರೇಜಲ್ಲೂ ಇದೇ ಮಾತು. ಭಾಷಾಶಾಸ್ತ್ರ ಓದಿದ ನನಗೆ ಇದೊಂದು ತಮಾಷೆ: ನಾಲ್ಕು ರಬ್ಬರ್ ಚಕ್ರದ ಮೇಲೆ ನಿಂತ ಕಾರಿಗೆ ಭೂಮಿಯೆಲ್ಲಿ? ಇಲ್ಲಿ 'ಅರ್ಥ್' ಎಂದರೆ ಬಾಡಿಯ ತಗಡು, ಕರೆಂಟ್ ಬ್ಯಾಟರಿಗೆ ಮರಳುವ ದಾರಿ. ಬಣ್ಣದ ಮೇಲೆಯೇ ಬೋಲ್ಟ್ ಬಿಗಿದರೆ ದಾರಿ ಮುಚ್ಚಿದಂತೆ. ಕೆರೆದು ಲೋಹ ಕಾಣಿಸಬೇಕು, ಮೈನಸ್ ತಂತಿ ಪ್ಲಸ್‌ನಷ್ಟೇ ದಪ್ಪ ಇರಬೇಕು.

ನಾನಾ ಪೇಠೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಕೆಲಸ ಬಲ್ಲವರಿಗೆ ಇದೆಲ್ಲ ಗೊತ್ತು. ಆದರೆ ನಾವು ಚೌಕಾಸಿ ಮಾಡಿದಾಗ ಮೊದಲು ತೆಳ್ಳಗಾಗುವುದು ತಂತಿಯೇ, ಏಕೆಂದರೆ ಅದು ಮ್ಯಾಟಿನ ಕೆಳಗೆ ಹೋಗುತ್ತದೆ. ಏನನ್ನು ಕೇಳಬೇಕೆಂದು ತಿಳಿಯದ ಗಿರಾಕಿಗೆ ರೇಟು ಒಂದೇ ಕಾಣುವುದು. ಅವನಿಗೆ ತಿಳಿಸಬೇಕಿದ್ದ ಪುಟವನ್ನು ನಾವೇ ಕಿತ್ತಿದ್ದೆವು.

ಈಗ ಕೈಪಿಡಿಯ ಕೆಲಸ ಒಪ್ಪುವಾಗ ಒಂದು ಷರತ್ತು ಹಾಕುತ್ತೇನೆ: ಸುರಕ್ಷತೆಯ ಪುಟ ಬಿಡುವುದಾದರೆ ನನಗೆ ಬೇಡ. ಎರಡು ಕೆಲಸ ತಪ್ಪಿವೆ. ತಮ್ಮ ಮಾತ್ರ ಹೊಸ ತಂತಿ ಹಾಕಿಸಿದ ದಿನ ಮೊದಲು ಬಾನೆಟ್ ಎತ್ತಿ ಫ್ಯೂಸ್ ತೋರಿಸಿದ, ಆಮೇಲೆ ಹಾಡು ಹಾಕಿದ.