ಪುಟದ ಭಾಷೆ, ಪರದೆಯ ಬೇಡಿಕೆ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದುದರಿಂದ ಮನೆಯ ಅರ್ಜಿಗಳನ್ನೆಲ್ಲ ತುಂಬುವ ಭಾರ ನನ್ನದು. ಕಳೆದ ವರ್ಷ ವಿದ್ಯಾರ್ಥಿವೇತನದ ಅರ್ಜಿಯೊಂದನ್ನು ಮೊಬೈಲಿನಲ್ಲಿ ತೆರೆದೆ. ಪುಟವೇನೋ ಅಂದವಾಗಿತ್ತು, ಹೆಸರು ಬರೆಯೋಣವೆಂದು ಬೆರಳಿಟ್ಟರೆ ಅದು ಮಿಸುಕಲಿಲ್ಲ! ಹಳ್ಳಿಯಿಂದ ಮಳವಳ್ಳಿಗೆ ಬಸ್ಸಿನಲ್ಲಿ ಹೋಗಿ, ಪ್ರಿಂಟ್ ತೆಗೆಸಿ, ಪೆನ್ನಿನಿಂದ ತುಂಬಿ, ಅದರ ಫೋಟೋ ಹಿಡಿದು ಅದೇ ಮೊಬೈಲಿನಿಂದ ಕಳುಹಿಸಿದೆ. ಅಪ್ಪ ಅಂದು ಒಬ್ಬರೇ ಕಬ್ಬಿಗೆ ನೀರು ಹಾಯಿಸಿದರು.

ಈ ಪೇಚಾಟಕ್ಕೆ ಮೂಲವೇನು? ಪರದೆಯನ್ನು ನಾವು ಇನ್ನೂ ಕಾಗದವೆಂದೇ ಭಾವಿಸಿರುವುದು.

1984ರಲ್ಲಿ ಅಡೋಬಿ ಸಂಸ್ಥೆ ಪೋಸ್ಟ್‌ಸ್ಕ್ರಿಪ್ಟ್ ಎಂಬ ಪುಟ ವರ್ಣನೆಯ ಭಾಷೆಯನ್ನು ಹೊರತಂದಿತು. 'ಇಲ್ಲಿಗೆ ಹೋಗು, ಅಲ್ಲಿಯವರೆಗೆ ಗೆರೆ ಎಳೆ, ಒಳಗೆ ಬಣ್ಣ ತುಂಬು' ಎಂಬ ಆಜ್ಞೆಗಳೇ ಅದರ ವಾಕ್ಯಗಳು. ಅಂಗುಲಕ್ಕೆ 72 ಭಾಗ ಅದರ ಅಳತೆ. ನಮ್ಮ ಅವ್ವ ರಂಗೋಲಿ ಕಲಿಸುವ ಬಗೆಯೂ ಇದೇ ಅಲ್ಲವೆ? ಇಷ್ಟು ಚುಕ್ಕಿ, ಇದರಿಂದ ಅದಕ್ಕೆ ಗೆರೆ ಎನ್ನುತ್ತಾಳೆ. ಅಂಗಳ ಹಿರಿದಾಗಲಿ ಕಿರಿದಾಗಲಿ, ರಂಗೋಲಿ ಕೆಡುವುದಿಲ್ಲ.

ಇಷ್ಟು ಒಳ್ಳೆಯ ಭಾಷೆಯನ್ನು ಪರದೆಗೂ ಏಕೆ ಬಳಸಬಾರದೆಂದು ಕೆಲವರು ಆಗಲೇ ಯೋಚಿಸಿದರು. ಸನ್ ಸಂಸ್ಥೆಯ 'ನ್ಯೂಸ್' ಎಂಬ ವ್ಯವಸ್ಥೆ ಈ ಭಾಷೆಗೆ ಮೌಸ್ ಮತ್ತು ಕೀಲಿಮಣೆಯ ಮಾತನ್ನು ಕೇಳಿಸಿಕೊಳ್ಳುವ ಕಿವಿ ಕೊಟ್ಟಿತು. 1988ರಲ್ಲಿ ಬಂದ ನೆಕ್ಸ್ಟ್ ಕಂಪ್ಯೂಟರು ಪರದೆಯ ಚಿತ್ರವನ್ನೂ ಮುದ್ರಣವನ್ನೂ ಇದೊಂದೇ ಭಾಷೆಯಿಂದ ಮಾಡಿತು. ಆದರೆ ಇಲ್ಲೊಂದು ತೊಡಕು. ಮುದ್ರಣಯಂತ್ರಕ್ಕೆ ಪುಟ ಹೊರಬಿದ್ದರೆ ಕೆಲಸ ಮುಗಿಯಿತು. ಎಳೆದ ಗೆರೆಯನ್ನು ಅದು ಮರೆಯಬಹುದು. ಪರದೆ ಮರೆಯುವಂತಿಲ್ಲ, ಬೆರಳು ತಾಗಿದ್ದು ಯಾವ ಆಕೃತಿಗೆ ಎಂಬುದನ್ನು ಅದು ತಿಳಿದಿರಬೇಕು. ಚಿತ್ರದ ಭಾಗಗಳನ್ನು ಹೀಗೆ ನೆನಪಿನಲ್ಲಿಡುವ ಎಸ್‌ವಿಜಿ ಎಂಬ ಭಾಷೆ 2001ರಲ್ಲಿ ವೆಬ್‌ಗೆ ಪ್ರಮಾಣವಾಯಿತು. ಪೋಸ್ಟ್‌ಸ್ಕ್ರಿಪ್ಟಿನ ಸಂತಾನವಾದ ಪಿಡಿಎಫ್ 1993ರಲ್ಲಿ ಬಂತು. ಕೆಲವೇ ವರ್ಷಗಳಲ್ಲಿ ಅದರೊಳಗೆ ತುಂಬಬಹುದಾದ ಖಾನೆಗಳನ್ನಿಡುವ ಅನುಕೂಲವೂ ಆಯಿತು. ಅರ್ಥಾತ್, ನನ್ನ ಅರ್ಜಿಗೆ ಕೊರತೆಯಾದದ್ದು ಸಾಧನವಲ್ಲ, ಮನಸ್ಸು.

ಪುಟ ಸ್ಥಿರವಾಗಿರುವುದೇ ಒಳಿತೆಂದು ಕೆಲವು ಮಿತ್ರರು ವಾದಿಸಬಹುದು. ಅಂಕಪಟ್ಟಿಯ ವಿಷಯದಲ್ಲಿ ಈ ಮಾತನ್ನು ನಾನೂ ಒಪ್ಪುತ್ತೇನೆ. ಮುಟ್ಟಿದರೆ ಬದಲಾಗುವ ಅಂಕಪಟ್ಟಿ ಯಾರಿಗೆ ಬೇಕು? ಆದರೆ ಅರ್ಜಿ ಎಂಬುದು ಪ್ರಶ್ನೆ. ಪ್ರಶ್ನೆ ಕೇಳಿದವರು ಉತ್ತರಕ್ಕೆ ಕಿವಿಗೊಡಬೇಡವೆ? ಕನ್ನಡದ ಪಾಡಂತೂ ಇನ್ನೂ ಕಷ್ಟ. ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಪುಟದಲ್ಲಿ 'ಮದ್ದೂರು' ಎಂದು ಕಣ್ಣಿಗೆ ಕಂಡರೂ, ಯೂನಿಕೋಡಿನಲ್ಲಿ ಹುಡುಕಿದರೆ ಅದು ಸಿಕ್ಕುವುದಿಲ್ಲ. ಅಕ್ಷರದ ಆಕಾರವಿದೆ, ಅಕ್ಷರವಿಲ್ಲ!

ಮಂಡ್ಯದಲ್ಲಿ ಓದಿ ನಾಳೆ ಕಚೇರಿಗಳನ್ನು ಸೇರಲಿರುವ ಸಹಪಾಠಿಗಳಲ್ಲಿ ನನ್ನ ವಿನಂತಿ ಇಷ್ಟೆ. ನೀವು ಅರ್ಜಿಯೊಂದನ್ನು ರೂಪಿಸುವಾಗ, ಅದನ್ನು ಮೊದಲು ಒಂದು ಸಣ್ಣ ಮೊಬೈಲಿನಲ್ಲಿ ನೀವೇ ತುಂಬಿ ನೋಡಿರಿ. ಒಬ್ಬ ರೈತನ ಮಗನಿಗೆ ಅಥವಾ ಮಗಳಿಗೆ ಒಂದು ದಿನ ಉಳಿದೀತು.